ಮೂರನೇ ಸಲ ಕರೆದರೆ ಮಾತ್ರ

ಶಿವಮೊಗ್ಗದಲ್ಲಿ ಬಸ್ಸು ಹತ್ತಿದಾಗ ಬಿಸಿಲಿತ್ತು. ಸಕ್ರೆಬೈಲಿನ ಆನೆ ಬಿಡಾರ ದಾಟುವಾಗ ಮೋಡ, ಮಂಡಗದ್ದೆಗೆ ಬರುವಾಗ ಹನಿ. ತೀರ್ಥಹಳ್ಳಿಯಲ್ಲಂತೂ ಕೊಡೆ ಬಿಚ್ಚಿದರೂ ಒದ್ದೆಯಾಗುವಂಥ ಮಳೆ. ಮೃಗಶಿರ ಹಿಡಿದಿತ್ತು.

ಅಲ್ಲಿಂದ ಆಗುಂಬೆ ಬಸ್ಸು. ಮೇಗರವಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಳಿದೆ. ರಾತ್ರಿ ಎಂಟು ಗಂಟೆ. ಬಸ್ಸಿನ ಹಿಂದಿನ ಕೆಂಪು ದೀಪ ಮರೆಯಾದದ್ದೇ ತಡ, ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಬರ್ತೀನಿ ಅಂದಿದ್ದ ಗೆಳೆಯ ತನ್ನ ದೊಡ್ಡಪ್ಪನನ್ನು ಕಳಿಸಿದ್ದ. ತಲೆ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಮಂಕು ಬ್ಯಾಟರಿ. ಸೊಪ್ಪಿನಬೆಟ್ಟದ ಕಾಡು, ಸಂಕ ಅನ್ನುವ ಕಾಲುಸೇತುವೆ, ಗದ್ದೆಬಯಲು ದಾಟಿದರೆ ಅವರ ಮನೆ. ಮಳೆ ಹೊಳವಾಗಿತ್ತು, ಮರಗಳಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

"ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓ ಅನ್ಬೇಡ" ಅಂದರು ದೊಡ್ಡಪ್ಪ, ಉಂಬಳ, ಅಂದರೆ ಜಿಗಣೆ, ಹತ್ತದಂತೆ ಕಾಲಿಗೆ ಸುಣ್ಣ ಹಚ್ಚಿಕೊಳ್ಳಲು ಹೇಳುವಷ್ಟೇ ಸಲೀಸಾಗಿ. "ಮೂರನೇ ಸಲ ಕರೆದ್ರೆ ಓಗೊಡು. ಅವಕ್ಕೆ ಎರಡೇ ಸಲ ಕರೆಯೋಕೆ ಬರೋದು."

ನಾನು ನಕ್ಕೆ. ನಗು ಸ್ವಲ್ಪ ಜಾಸ್ತಿಯೇ ಜೋರಾಯಿತು ಅನಿಸುತ್ತೆ.

ಸೊಪ್ಪಿನಬೆಟ್ಟದ ನಡುವೆ ಅವರು ನಿಂತು ಬ್ಯಾಟರಿ ಮೇಲೆತ್ತಿದರು. ದೊಡ್ಡ ಅತ್ತಿ ಮರದ ತುದಿಯಲ್ಲಿ ಎರಡು ಕೆಂಡ. ಕದಲಲಿಲ್ಲ, ಆರಲೂ ಇಲ್ಲ. ಆಮೇಲೆ ಆ ಕೆಂಡಗಳು ಕೆಳಗೆ ಬಾಗಿದವು. ಯಾರೋ ಮೇಲಿಂದ ಗೋಣಿಚೀಲ ಬೀಸಿ ಒಗೆದ ಹಾಗೆ ಚೌಕನೆಯ ಕಪ್ಪೊಂದು ನಮ್ಮ ತಲೆ ಮೇಲೆ ಸದ್ದಿಲ್ಲದೆ ಜಾರಿ ಹೋಯಿತು. ಆಚೆ ಮರದ ಬೊಡ್ಡೆಗೆ 'ದಪ್' ಅಂತ ಅಂಟಿಕೊಂಡಿತು. ನನಗೆ ಕೇಳಿದ್ದು ಆ ಒಂದೇ ಸದ್ದು. ನಾನು ದೊಡ್ಡಪ್ಪನ ಕಂಬಳಿ ಹಿಡಿದುಕೊಂಡಿದ್ದೆ.

"ಎಂಥ ಹೆದರ್ತೀಯ ಮಾರಾಯ, ಹಾರುಬೆಕ್ಕು!"

ಹೆಸರಿಗೆ ಬೆಕ್ಕು, ಜಾತಿ ಅಳಿಲಿನದು. ಬಾಲವೂ ಸೇರಿದರೆ ಮೂರಡಿಯಷ್ಟು ಉದ್ದ. ನಿಜವಾಗಿ ಹಾರುವುದೂ ಇಲ್ಲ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಇರುವ ಚರ್ಮ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಹಗಲೆಲ್ಲ ಪೊಟರೆಯಲ್ಲಿ ನಿದ್ದೆ. ಬೆಳಕು ಬಿದ್ದರೆ ಕಣ್ಣು ಕೆಂಪಗೆ ಹೊಳೆಯುತ್ತದೆ. ಬ್ಯಾಟರಿ ಇಲ್ಲದ ಕಾಲದಲ್ಲಿ ಸೂಡಿ ಹಿಡಿದು ನಡೆಯುತ್ತಿದ್ದವರ ತಲೆ ಮೇಲೆ ಇದೊಂದು ಹಾದುಹೋಗಿದ್ದರೆ ಸಾಕು, ಊರಿಗೆ ಒಂದು ದೆವ್ವ ಹುಟ್ಟಿರುತ್ತೆ, ಅಲ್ವಾ?

ಇದನ್ನೇ ದೊಡ್ಡಪ್ಪನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಇದು ಬೆಕ್ಕು. ದೆವ್ವ ಬೇರೆ. ಅದು ಕೆಳಗಿನ ಗದ್ದೇಲಿ ಇರೋದು."

ಸಂಕದ ಮೇಲೆ ನಿಂತು ಕೆಳಗಿನ ಗದ್ದೆ ತೋರಿಸಿದರು. ಕೊಳ್ಳಿ ದೆವ್ವ ಕಾಣಿಸುವುದು ಅಲ್ಲೇ ಅಂತೆ. ಒಂದು ಬೆಳಕು ಬದುವಿನ ಮೇಲೆ ನಡೆಯುತ್ತೆ, ಎರಡಾಗುತ್ತೆ, ಮತ್ತೆ ಒಂದಾಗುತ್ತೆ. ಹಿಂದೆ ಹೋದವನು ಸೊಂಟದ ತನಕ ಕೆಸರಲ್ಲಿ ಹೂತುಕೊಳ್ಳುತ್ತಾನೆ. ಆ ಗದ್ದೆಯಲ್ಲಿ ಬೇಸಿಗೆಯಲ್ಲೂ ಜೌಗು ಆರುವುದಿಲ್ಲವಂತೆ. ಜೌಗಿನಲ್ಲಿ ಸೊಪ್ಪುಸದೆ ಕೊಳೆತು ಮೀಥೇನ್ ಏಳುತ್ತದೆ, ಆ ಗ್ಯಾಸೇ ಹೊತ್ತಿಕೊಂಡು ಹಾಗೆ ಕಾಣಬಹುದು ಎಂದು ಓದಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗದ್ದೆಯ ಆಚೆ ಬದಿ ನಿಜವಾಗಿಯೂ ಬೆಳಕು ಕಂಡಿತು. ಒಂದು. ಆಮೇಲೆ ಎರಡು.

ದೊಡ್ಡಪ್ಪ ಬ್ಯಾಟರಿ ಆರಿಸಿದರು. ಮೀಥೇನ್ ನನ್ನ ಗಂಟಲಲ್ಲೇ ಉಳಿಯಿತು. ಬೆಳಕು ಬಗ್ಗಿತು, ಎದ್ದಿತು, ತೋಡಿನ ಕಡೆ ಸರಿಯಿತು. ಎಷ್ಟೋ ಹೊತ್ತಾದ ಮೇಲೆ ಅವರು ಉಸಿರು ಬಿಟ್ಟು, "ಹತ್ಮೀನಿನವ್ರು ಇರ್ಬೇಕು" ಅಂದರು.

ಮೊದಲ ಮಳೆಗೆ ತೋಡಿನ ಹೊಸ ನೀರಿಗೆ ಎದುರಾಗಿ ಮೀನು ಗದ್ದೆಗೆ ಹತ್ತುತ್ತದೆ. ರಾತ್ರಿ ಬೆಳಕು, ಕತ್ತಿ ಹಿಡಿದು ಅದನ್ನು ಕಡಿಯಲು ಹೋಗುವುದು ಮಲೆನಾಡಿನವರಿಗೆ ಹಬ್ಬವೇ. ಸರಿ, ಇರಬೇಕು. ಆದರೂ ದೊಡ್ಡಪ್ಪ ಬ್ಯಾಟರಿ ಹಾಕಿದ್ದು ಮನೆಯ ದಣಪೆ ದಾಟಿದ ಮೇಲೇ.

ಬಚ್ಚಲ ಹಂಡೆಯ ಬಿಸಿನೀರು, ಬಿಸಿ ಕಡುಬು, ಕಳಲೆ ಪಲ್ಯ. ಧೈರ್ಯ ವಾಪಸ್ ಬಂತು. ಮಲಗುವ ಮುಂಚೆ ಅಂಗಳದ ಮೂಲೆಗೆ ಒಬ್ಬನೇ ಹೋದೆ. ಕೊಟ್ಟಿಗೆ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಗೆಳೆಯನದೇ ದನಿ. ಸುಮ್ನೆ ನಿಂತೆ. ಮತ್ತೆ ಕರೆದರು. ಆಗಲೂ ಸುಮ್ಮನಿದ್ದೆ.

"ಲೋ, ಕಿವಿ ಕೇಳಲ್ವೇನೋ ನಿಂಗೆ? ಚಪ್ಲಿಗೆ ಉಂಬಳ ಹತ್ತಿದೆ ನೋಡ್ಕೋ!"

"ಓ" ಅಂದೆ.