ಕನ್ವರ್ಜ್ ಆಗಿದ್ದು ಬೇರೆಯದೇ ನಾಝಲ್

ಎಂ.ಟೆಕ್ ಪ್ರಾಜೆಕ್ಟ್ ಶುರುವಾಗುವ ಮೊದಲು ಗೈಡ್ ನನಗೊಂದು 'ಸುಲಭದ' ಕೆಲಸ ಕೊಟ್ಟಿದ್ದರು: ನಾಝಲ್ ಒಳಗಿನ ಗಾಳಿಯ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು. ನಾಝಲ್ ಎಂದರೆ ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ಕೊಳವೆ, ಕಿರಿದಾದ ಜಾಗವೇ ಗಂಟಲು. ಕೊನೆಯ ಬಾಯಿಯ ವಿಸ್ತೀರ್ಣ ಗಂಟಲಿನ ಎರಡರಷ್ಟು. ಒಳಬರುವ ಗಾಳಿಯ ಟೋಟಲ್ ಪ್ರೆಶರ್ (ಗಾಳಿಯನ್ನು ನಷ್ಟವಿಲ್ಲದೆ ಪೂರ್ತಿ ನಿಲ್ಲಿಸಿದರೆ ಇರುವ ಒತ್ತಡ) 300 ಕಿಲೋಪಾಸ್ಕಲ್, ಹೊರಗಿನ ಒತ್ತಡ 210. ಗಾಳಿ ಗಂಟಲು ದಾಟಿ ಶಬ್ದದ ವೇಗ ಮೀರಬೇಕು, ಮುಂದೆಲ್ಲೋ ಶಾಕ್, ಅಂದರೆ ಒತ್ತಡ ಥಟ್ಟನೆ ಏರುವ ತೆಳು ಗೋಡೆಯಂಥದ್ದು, ಎದ್ದು ಮತ್ತೆ ನಿಧಾನವಾಗಬೇಕು.

ಅಲ್ಲಿಯವರೆಗೆ ಪೈಪಿನಲ್ಲಿ ನೀರು ಹರಿಸಿಯಷ್ಟೇ ಗೊತ್ತಿದ್ದ ನಾನು ಒಳಬಾಗಿಲಿಗೆ ಸೀದಾ ವೇಗ ಕೊಟ್ಟುಬಿಟ್ಟೆ. ಅಲ್ಲೇ ಎಡವಿದ್ದು. ನಮ್ಮೂರ ಕೆರೆ ಕೋಡಿ ಬಿದ್ದಾಗ ಕೆಳಗಡೆ ನೀವೇನೇ ಅಡ್ಡ ಇಟ್ಟರೂ ಮೇಲಿನ ನೀರಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಗಂಟಲಲ್ಲಿ ಮ್ಯಾಕ್ 1, ಅಂದರೆ ಶಬ್ದದ ವೇಗ, ಆದಮೇಲೆ ನಾಝಲ್ ಕಥೆಯೂ ಅದೇ. ಎಷ್ಟು ಗಾಳಿ ಒಳಗೆ ಬರಬೇಕೆಂದು ಗಂಟಲೇ ತೀರ್ಮಾನಿಸುತ್ತದೆ, ನಾನಲ್ಲ. ವೇಗ ಹೇರಿದರೆ ಟೋಟಲ್ ಪ್ರೆಶರ್ ತನ್ನಿಷ್ಟಕ್ಕೆ ಏರಿಳಿಯುತ್ತದೆ. ಕೊಡಬೇಕಾದ್ದು ಒಳಬಾಗಿಲಲ್ಲಿ ಟೋಟಲ್ ಪ್ರೆಶರ್, ಟೋಟಲ್ ಟೆಂಪರೇಚರ್. ಹೊರಬಾಗಿಲಲ್ಲಿ ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಲ್ಲಿನ ಬರೀ ಒತ್ತಡ. ಇಷ್ಟು ತಿಳಿಯಲು ಎರಡು ದಿನ ಹೋಯಿತು.

ಆಮೇಲೂ ಲೆಕ್ಕ ಸಿಡಿಯುತ್ತಲೇ ಇತ್ತು. ಅವಸರಕ್ಕೆ ಕೂರಂಟ್ ನಂಬರ್ (ಲೆಕ್ಕ ಒಂದೊಂದು ಸಲ ಎಷ್ಟು ದೊಡ್ಡ ಹೆಜ್ಜೆ ಇಡಬೇಕೆಂಬ ಅಂಕಿ) 20 ಇಟ್ಟಿದ್ದೆ. ಹತ್ತಿಪ್ಪತ್ತು ಇಟರೇಶನ್ನಿಗೆ, ಅಂದರೆ ಸುತ್ತಿಗೆ, ಉಷ್ಣಾಂಶ 1 ಕೆಲ್ವಿನ್‌ಗೆ ಕುಸಿದಿದೆ ಎಂಬ ಎಚ್ಚರಿಕೆ ಸಾಲುಸಾಲಾಗಿ ಉದುರುತ್ತಿತ್ತು. ಕೊನೆಗೆ ರಾತ್ರಿ ಲ್ಯಾಬಿನಲ್ಲೇ ಕೂತು ಕೂರಂಟ್ ನಂಬರನ್ನು 1ಕ್ಕೆ ಇಳಿಸಿದೆ, ಒರಟಾದರೂ ಗಟ್ಟಿಯಾದ ಫಸ್ಟ್ ಆರ್ಡರ್ ವಿಧಾನ ಹಾಕಿದೆ, ಹೊರಗಿನ ಒತ್ತಡವನ್ನು 290ರಿಂದ ಹತ್ತು ಹತ್ತಾಗಿ ಇಳಿಸುತ್ತ ಬಂದೆ. ಹರಿವು ನೆಲೆಗೊಂಡಮೇಲೆ ಹೆಚ್ಚು ನಿಖರವಾದ ಸೆಕೆಂಡ್ ಆರ್ಡರ್, ಕೂರಂಟ್ 5. ಬೆಳಗಿನ ಜಾವ ರೆಸಿಡ್ಯುಯಲ್ ಗೆರೆಗಳು, ಅಂದರೆ ಸಮೀಕರಣಗಳಲ್ಲಿ ಇನ್ನೆಷ್ಟು ತಾಳೆಯಾಗಬೇಕೆಂದು ತೋರಿಸುವ ಗೆರೆಗಳು, ಸರಸರನೆ ಕೆಳಗಿಳಿದವು. ಲೆಕ್ಕ ಕನ್ವರ್ಜ್ ಆಗಿತ್ತು, ಒಂದು ಉತ್ತರಕ್ಕೆ ಬಂದು ನಿಂತಿತ್ತು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ, ಸುಳ್ಳೇಕೆ.

ಸರ್ ಚಿತ್ರವನ್ನು ಎರಡು ನಿಮಿಷ ನೋಡಿದರು. "ಕೈಲೆಕ್ಕ ಎಲ್ಲಪ್ಪಾ?"

ಮಾಡಿರಲಿಲ್ಲ. ಅವರೇ ಗ್ಯಾಸ್ ಟೇಬಲ್ (ಇಂಥ ಹರಿವಿನ ಸಿದ್ಧ ಲೆಕ್ಕಗಳ ಕೋಷ್ಟಕ) ತೆಗೆದು ಎದುರಿಗಿಟ್ಟರು. ಹೊರಗಿನ 210ಕ್ಕೂ ಒಳಗಿನ 300ಕ್ಕೂ ಒತ್ತಡದ ಅನುಪಾತ 0.7. ಶಾಕ್ ಸುಮಾರು ಮ್ಯಾಕ್ 1.86ರಲ್ಲಿ, ವಿಸ್ತೀರ್ಣ ಗಂಟಲಿನ ಒಂದೂವರೆ ಪಟ್ಟು ಇರುವಲ್ಲಿ ಬರಬೇಕು. ನನ್ನದು 1.35 ಪಟ್ಟಿನ ಹತ್ತಿರವೇ, ಮ್ಯಾಕ್ 1.71ಕ್ಕೆ ಎದ್ದು ನಿಂತಿತ್ತು.

ತಪ್ಪು ಸಿಕ್ಕಿದ್ದು ನಾನು ಒಮ್ಮೆಯೂ ತೆರೆಯದ ಕಿಟಕಿಯಲ್ಲಿ. ಆಪರೇಟಿಂಗ್ ಪ್ರೆಶರ್, ಅಂದರೆ ನಾವು ಕೊಡುವ ಒತ್ತಡಗಳಿಗೆಲ್ಲ ಸಾಫ್ಟ್‌ವೇರ್ ಸೇರಿಸುವ ಮೂಲ ಒತ್ತಡ, 101325 ಪಾಸ್ಕಲ್ ಎಂದು ಮೊದಲೇ ತುಂಬಿತ್ತು. ನಾನು ಕೊಟ್ಟ 300, 210 ಎರಡಕ್ಕೂ ಅದು ಸೇರಿಕೊಂಡು 401, 311 ಆಗಿದ್ದವು. ಅನುಪಾತ 0.776! ರಾತ್ರಿಯಿಡೀ ಕೂತು ಬೇರೆ ಯಾವುದೋ ಪ್ರಶ್ನೆಗೆ ಅಚ್ಚುಕಟ್ಟಾಗಿ ಉತ್ತರ ಬರೆದಿದ್ದೆ.

ಅದನ್ನು ಸೊನ್ನೆ ಮಾಡಿ ಮತ್ತೆ ಓಡಿಸಿದಾಗ ಶಾಕ್ ಟೇಬಲ್ ಹೇಳಿದಲ್ಲಿಗೇ ಜರುಗಿತು. ತಮಾಷೆಯೆಂದರೆ ಈ ಸಲ ರೆಸಿಡ್ಯುಯಲ್ ಸರಿಯಾಗಿ ಇಳಿಯಲೇ ಇಲ್ಲ. ಶಾಕ್ ಎರಡು ಸೆಲ್‌ಗಳ (ಲೆಕ್ಕಕ್ಕಾಗಿ ನಾಝಲನ್ನು ಕತ್ತರಿಸಿದ ಚಿಕ್ಕ ತುಂಡುಗಳ) ನಡುವೆ ತೊನೆಯುತ್ತಿತ್ತು, ಗೆರೆ ಅರ್ಧದಲ್ಲೇ ನಡುಗುತ್ತ ನಿಂತಿತು. ಒಳಬಂದ ಗಾಳಿಗೂ ಹೊರಹೋದ ಗಾಳಿಗೂ ಲೆಕ್ಕ ತಾಳೆಯಾಗಿತ್ತು. ಸರ್ ಅದಷ್ಟನ್ನೇ ಕೇಳಿದರು, ಗೆರೆಯ ಕಡೆ ನೋಡಲೂ ಇಲ್ಲ.