ಎರಡು ಎತ್ತರದ ಅಡುಗೆ ಕಟ್ಟೆ

ಮೈಸೂರಿನ ನಮ್ಮ ಮನೆ ಕಟ್ಟಿದ್ದು 1986ರಲ್ಲಿ. ಅಡುಗೆಮನೆ ಹತ್ತಡಿ ಉದ್ದ, ಏಳಡಿ ಅಗಲ. ಒಂದೇ ಕಿಟಕಿ. ಕಡಪ ಕಲ್ಲಿನ ಕಟ್ಟೆ, ಕೆಂಪು ಗಾರೆ ನೆಲ. ಹೋದ ವರ್ಷ ಸಿಂಕಿನ ಕೆಳಗೆ ಗೋಡೆ ತೇವ ಹಿಡಿದು ಸಿಮೆಂಟು ಉದುರೋಕೆ ಶುರುವಾಯಿತು. ಹೇಗೂ ಕೈ ಹಾಕಬೇಕು, ಪೂರ್ತಿ ಮಾಡಿಸಿಬಿಡೋಣ ಅಂದುಕೊಂಡೆ.

ಹಾಲ್ ಕಡೆಯ ಗೋಡೆ ತೆಗೆಸುವ ಆಸೆ ನನಗಿತ್ತು. ಮೇಸ್ತ್ರಿ ಟೇಪ್ ಹಿಡಿದು ನೋಡಿ, "ಒಂಬತ್ತು ಇಂಚಿನ ಗೋಡೆ ಸರ್, ತಾರಸಿ ಭಾರ ಇದರ ಮೇಲೇ ಇದೆ. ಮುಟ್ಟೋದು ಬೇಡ" ಅಂದರು. ನಮ್ಮದು ಪಿಲ್ಲರ್ ಇಲ್ಲದ ಮನೆ. ಅಲ್ಲಿಗೆ ಆ ಮಾತು ಬಿಟ್ಟೆ.

ಸಿಂಕನ್ನು ಕಿಟಕಿ ಕೆಳಗೆ ತರೋಣ ಅಂದರೆ ನೀರು ಹೋಗುವ ಪೈಪು ಇನ್ನೊಂದು ಮೂಲೆಯಲ್ಲಿದೆ. ಅಷ್ಟು ದೂರದ ಪೈಪಿಗೆ ಎರಡು ಮೂರು ಇಂಚಾದರೂ ಇಳಿಜಾರು ಬೇಕು. ಅದಕ್ಕೆ ನೆಲ ಅಗೆಯಬೇಕು. ಗಾರೆ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದೇ ಇಲ್ಲ. ಅಮ್ಮ ಅಷ್ಟು ವರ್ಷ ತೆಂಗಿನೆಣ್ಣೆ ಹಚ್ಚಿ ಒರೆಸಿ ಹೊಳಪು ತಂದ ನೆಲ ಅದು. ಮನಸ್ಸು ಬರಲಿಲ್ಲ.

ಕೊನೆಗೆ ನಮ್ಮ ಕೈಯಲ್ಲಿ ಉಳಿದಿದ್ದು ಕಟ್ಟೆಯ ಎತ್ತರ ಒಂದೇ. ನಿಜವಾದ ತೊಂದರೆ ಇದ್ದದ್ದೂ ಅಲ್ಲೇ. ಹಳೇ ಕಟ್ಟೆ 30 ಇಂಚು. ಅಮ್ಮ ನಾಲ್ಕಡಿ ಹತ್ತಿಂಚು, ಅವರಿಗೆ ಅದು ಸರಿ. ನಾನು ಐದಡಿ ಎಂಟಿಂಚು. ರಾತ್ರಿ ಪಾತ್ರೆ ತೊಳೆಯುವುದು ನಾನೇ, ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು.

ಅಳತೆಗೆ ಬಂದ ಹುಡುಗ ಎಲ್ಲಾ ಕಡೆ 34 ಇಂಚು ಅಂತ ಬರೆದುಕೊಂಡ. ಅವನು ಹೋದ ಮೇಲೆ ಊಟದ ಮೇಜಿನ ಮೇಲೆ ಮಣೆ ಪೇರಿಸಿ ಅಷ್ಟು ಎತ್ತರ ಮಾಡಿದೆ. ಮೇಲೆ ಒಲೆ, ಅದರ ಮೇಲೆ ಸಾರಿನ ಪಾತ್ರೆ ಇಟ್ಟು ಅಮ್ಮನನ್ನು ಕರೆದೆ. ಪಾತ್ರೆಯ ಕಂಠ ಅವರ ಎದೆ ಮಟ್ಟಕ್ಕೆ ಬಂತು. ಕುದಿಯುವ ಸಾರನ್ನು ಅಲ್ಲಿಂದ ಇಳಿಸಬೇಕು ಅಂದರೆ ಭಯ ಆಗುತ್ತೆ ಅಲ್ವಾ?

ಅದಕ್ಕೇ ಕಟ್ಟೆ ಎರಡು ಮಟ್ಟ ಆಯಿತು. ಸಿಂಕಿನ ಕಡೆ ಮೂರೂವರೆ ಅಡಿ ಮಾತ್ರ 35 ಇಂಚು, ಉಳಿದದ್ದೆಲ್ಲ ಮೊದಲಿನ 30. ಸಿಂಕಿನ ತಳ ಎಂಟು ಇಂಚು ಕೆಳಗಿರುತ್ತೆ, ಕೈ ಆಡುವುದು ಆ ತಳದಲ್ಲಿ. ಒಲೆಯ ಮುಂದೆ ಉಲ್ಟಾ, ಕೈ ಇರುವುದು ಕಟ್ಟೆಗಿಂತ ಮೇಲೆ. ಎರಡಕ್ಕೂ ಒಂದೇ ಎತ್ತರ ಯಾಕೆ ಇಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಹಳೇ ಕಲ್ಲು ಎಬ್ಬಿಸಿದ ದಿನ ಅಮ್ಮ ಪಕ್ಕದಲ್ಲೇ ನಿಂತಿದ್ದರು. ಕರಿ ಕಲ್ಲಿನ ಮೇಲೆ ಅಲ್ಲಲ್ಲಿ ಮಾಸಲು ಬಿಳಿ ಕಲೆ. ಕಡಪ ಸುಣ್ಣದ ಅಂಶ ಇರುವ ಕಲ್ಲು, ಹುಳಿ ಬಿದ್ದಲ್ಲಿ ತಿಂದುಹೋಗುತ್ತೆ. ಒಂದು ಕಲೆ ಪೂರ್ತಿ ಉಂಗುರದ ಹಾಗೆ ದುಂಡಗಿತ್ತು. ಅಮ್ಮ ಅದರ ಮೇಲೆ ಬೆರಳಾಡಿಸಿ, "ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ಇಡ್ತಿದ್ದ ಜಾಗ ಕಣೋ" ಅಂದರು. ಆ ತುಂಡನ್ನು ಕೊಯ್ಯಿಸಿ ಹಿತ್ತಲ ನಲ್ಲಿ ಪಕ್ಕ ಹಾಕಿಸಿದ್ದೇನೆ.

ಹೊಸ ಗ್ರಾನೈಟಿನಲ್ಲಿ ಒಂದು ಅಡಚಣೆ ಇದೆ. ಒಲೆಯಿಂದ ಇಳಿಸಿದ ಕುಕ್ಕರನ್ನು ಸಿಂಕಿಗೆ ಜಾರಿಸಲು ಆಗುವುದಿಲ್ಲ, ಮಧ್ಯೆ ಐದು ಇಂಚಿನ ಮೆಟ್ಟಿಲಿದೆ. ಅದನ್ನು ಎತ್ತಿ ಇಡುವುದು ಈಗ ನನ್ನ ಕೆಲಸ. ಅಮ್ಮ ಒಳಗಿನಿಂದ ಕೂಗುತ್ತಾರೆ, ನಾನು ಹೋಗುತ್ತೇನೆ.