ನಿಮ್ಮ ಹಳೇ ಕಾರಿಗೆ ಪೇಂಟ್ ಯಾವಾಗ ಮಾಡಿಸ್ತೀರಾ?

ಮಾಡಿಸಲ್ಲ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಯುಗಾದಿ ಊಟದ ಸಾಲಿನಲ್ಲಿ, ಗಣೇಶನ ಪೂಜೆಯಲ್ಲಿ, ಮಗಳ ಶಾಲೆಯ ಪಾರ್ಕಿಂಗಿನಲ್ಲಿ, ಎಲ್ಲಾ ಕಡೆ ಇದೇ ಪ್ರಶ್ನೆ. ಅದರ ಜೊತೆಗೆ ಒಂದು ಪಾಪ ಅನ್ನುವ ಮುಖ, ನಮ್ಮನೆಯಲ್ಲಿ ದುಡ್ಡಿಗೆ ಏನೋ ತಾಪತ್ರಯ ಇದೆ ಅನ್ನೋ ಹಾಗೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕಾರು 1968ರ ಪ್ಲಿಮತ್ ರೋಡ್ ರನ್ನರ್. ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದಲ್ಲಿ. ಇಂಥ ಕಾರುಗಳಿಗೆ ಇದೇ ತವರು. ಮಸಲ್ ಕಾರ್ ಅಂದರೆ, ಮಧ್ಯಮ ಗಾತ್ರದ ಮಾಮೂಲಿ ಕಾರಿಗೆ ಭಾರಿ ಇಂಜಿನ್ ಕೂರಿಸಿ ಹುಡುಗರ ಕೈಗೆಟಕುವ ಬೆಲೆಗೆ ಮಾರಿದ್ದು. ಇದರದ್ದು 6.3 ಲೀಟರ್ ಇಂಜಿನ್, 335 ಹಾರ್ಸ್‌ಪವರ್, ಬೆಲೆ 2,896 ಡಾಲರಿನಿಂದ ಶುರು. ಆ ಬೆಲೆಗೆ ಕಾಲ ಕೆಳಗೆ ಕಾರ್ಪೆಟ್ ಕೂಡ ಇಲ್ಲ, ರಬ್ಬರ್ ಮ್ಯಾಟು. ರೋಡ್ ರನ್ನರ್ ಅನ್ನೋ ಕಾರ್ಟೂನ್ ಹಕ್ಕಿಯ ಹೆಸರು, ಚಿತ್ರ ಹಾಕಿಕೊಳ್ಳೋಕೆ ಮಾತ್ರ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿದ್ದರು. ಹಾರನ್ ಒತ್ತಿದರೆ ಆ ಹಕ್ಕಿಯ ಹಾಗೇ ‘ಬೀಪ್ ಬೀಪ್’ ಅನ್ನಬೇಕು. ನನ್ನ ಕಾರಿನಲ್ಲಿ ಹಾರನ್ನೇ ಇಲ್ಲ. ತೂಕ ಕಮ್ಮಿ ಮಾಡೋಕೆ ರೇಸಿನವರು ಕಿತ್ತು ಹಾಕಿದ್ದಾರೆ.

ಹೌದು, ರೇಸ್. ಎಪ್ಪತ್ತರ ದಶಕದಲ್ಲಿ ಇದು ಡೆಟ್ರಾಯಿಟ್ ಡ್ರ್ಯಾಗ್‌ವೇಯಲ್ಲಿ ಓಡಿದೆ. ಆ ಟ್ರ್ಯಾಕ್ ಈಗಿಲ್ಲ. ಕಾಲು ಮೈಲಿ, ಅಂದರೆ 402 ಮೀಟರ್, ನೆಟ್ಟಗೆ. ಇದು ಓಡಿದ್ದು ಬ್ರ್ಯಾಕೆಟ್ ರೇಸಿಂಗ್‌ನಲ್ಲಿ. ನಿಮ್ಮ ಕಾರಿಗೆ ಎಷ್ಟು ಸೆಕೆಂಡ್ ಬೇಕು ಅಂತ ನೀವೇ ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಬರೀಬೇಕು. ಎದುರಾಳಿ ಬರೆದದ್ದಕ್ಕೂ ನಿಮ್ಮದಕ್ಕೂ ಎಷ್ಟು ವ್ಯತ್ಯಾಸವೋ, ನಿಧಾನದ ಕಾರನ್ನು ಅಷ್ಟು ಮುಂಚೆ ಬಿಡುತ್ತಾರೆ. ಬರೆದಿದ್ದಕ್ಕಿಂತ ಬೇಗ ಮುಟ್ಟಿದಿರೋ, ಔಟ್! ಜಾಸ್ತಿ ಜೋರಾಗಿ ಹೋದದ್ದಕ್ಕೇ ಸೋಲು. ನನ್ನ ಕಾರಿನ ಹಿಂದಿನ ಗಾಜಿನಲ್ಲಿ ‘12.9’ ಅಂತ ಮಸುಕಾಗಿ ಇನ್ನೂ ಕಾಣುತ್ತೆ. ಹೆಂಡತಿ ಒಂದು ಸಲ ಕೊಲಿನ್ ಹಿಡಿದು ಬಂದಿದ್ದಳು. ಓಡಿ ಹೋಗಿ ತಡೆದೆ.

‘ಕಂಪನಿಯಿಂದ ಬಂದ ಹಾಗೆ ಮಾಡಿಸಿ’ ಅನ್ನುವವರು ಇನ್ನೊಂದು ಜಾತಿ. ಇವರಿಗೆ ‘ನಂಬರ್ ಮ್ಯಾಚಿಂಗ್’ ಅನ್ನೋ ಮಾತೂ ಗೊತ್ತು. 1968ರಿಂದ ಈ ಕಂಪನಿ ಇಂಜಿನ್ ಬ್ಲಾಕಿನ ಮೇಲೂ ಕಾರಿನ ಚಾಸಿ ನಂಬರಿನ ಒಂದು ಭಾಗವನ್ನು ಕೊರೆಯುತ್ತಿತ್ತು. ನನ್ನದರ ನಂಬರ್ ಹೊಂದಲ್ಲ. ಮೊದಲಿನ ಇಂಜಿನ್ ಯಾವತ್ತೋ ಹೋಗಿದೆ, ಈಗಿರೋದು ಬೇರೆ ಕಾರಿನ 7.2 ಲೀಟರಿನದು. ಸರಿ, ಕಂಪನಿಯಿಂದ ಬಂದ ಹಾಗೆ ಅಂದರೆ ನೀಲಿ ಬಣ್ಣ, ಹಾರನ್ನು, ರಬ್ಬರ್ ಮ್ಯಾಟು. ಆ ವರ್ಷ ಅಂಥವನ್ನು ಸುಮಾರು 45 ಸಾವಿರ ಮಾಡಿದ್ದರು. ನನ್ನದು ನಲವತ್ತೈದು ಸಾವಿರದ ಒಂದನೆಯದಾಗಿ ಯಾರನ್ನು ಉದ್ಧಾರ ಮಾಡಬೇಕು? ಅದೇ ವರ್ಷ ಡಾಡ್ಜ್‌ನವರು ರೇಸಿಗಂತಲೇ ಕಟ್ಟಿಸಿದ ಹೆಮಿ ಡಾರ್ಟ್ ಅಂತ ಒಂದಿತ್ತು. ಅದಕ್ಕೆ ಬಣ್ಣವನ್ನೇ ಹೊಡೆಯದೆ ಬರೀ ಪ್ರೈಮರಿನಲ್ಲಿ ಕೊಡುತ್ತಿದ್ದರು. ಅದನ್ನು ಕಂಪನಿಯಿಂದ ಬಂದ ಹಾಗೆ ಮಾಡಬೇಕಾದರೆ ಇದ್ದ ಬಣ್ಣ ಕೆರೆಯಬೇಕು. ಇದನ್ನು ಹೇಳಿದರೆ ಮಾತು ಮಳೆಯ ಕಡೆ ತಿರುಗುತ್ತೆ.

ಹೋದ ಬೇಸಿಗೆಯಲ್ಲಿ ನಮ್ಮ ಮಾವ ಬಂದಿದ್ದರು. ಹಾಸನದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಇವರೂ ಪೇಂಟ್ ವಿಷಯ ತೆಗೀತಾರೆ ಅಂತ ಕಾದೆ. ಅವರು ಕಾಫಿ ಲೋಟ ಬಾನೆಟ್ಟಿನ ಮೇಲಿಟ್ಟು ಹಿಂದಿನ ಚಕ್ರದ ಹತ್ತಿರ ಕೂತರು. ಅಗಲದ ರೇಸ್ ಟೈರ್ ಹಿಡಿಸೋಕೆ ಅಲ್ಲಿ ತಗಡನ್ನು ಕತ್ತರಿಸಿ, ಅಂಚನ್ನು ಸುತ್ತಿಗೆಯಲ್ಲಿ ಒಳಗೆ ಮಡಚಿದ್ದಾರೆ. ಆ ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಎದ್ದು ಆ ಕಡೆ ಹೋಗಿ ಅಲ್ಲೂ ಆಡಿಸಿದರು.

“ಅಳಿಯಂದ್ರೆ, ಇದನ್ನ ಮಾಡಿದ್ದು ಒಬ್ಬನೇನಾ, ಇಬ್ಬರಾ?”

ನಾಲ್ಕು ವರ್ಷದಿಂದ ಕಾರು ನನ್ನ ಹತ್ತಿರ ಇದೆ. ನಾನು ನೋಡಿರಲಿಲ್ಲ. ಎಡಗಡೆ ಅಂಚು ಹೋಳಿಗೆ ಅಂಚಿನ ಹಾಗೆ ನುಣುಪು. ಬಲಗಡೆ ಬೆರಳು ಕುಯ್ಯುವಷ್ಟು ಒರಟು, ಸುತ್ತಿಗೆ ಏಟೂ ಅಡ್ಡಾದಿಡ್ಡಿ. “ಒಬ್ಬನೇ ಆಗಿದ್ರೆ ಬಲಗಡೆ ಮೊದಲು ಮಾಡಿ ಕೈ ಕುದುರಿಸಿಕೊಂಡಿದ್ದಾನೆ. ಇಲ್ಲಾ ಎಡಗಡೆ ಮುಗಿಸೋ ಹೊತ್ತಿಗೆ ಕತ್ತಲಾಗಿದೆ, ಬೆಳಿಗ್ಗೆ ರೇಸು” ಅಂದರು.

ಇಂಥ ಒಂದು ಪ್ರಶ್ನೆ ಕೇಳಿ ನೋಡೋಣ! ಈ ಕಾರನ್ನು ಯಾವ ದಿನಕ್ಕೆ ವಾಪಸ್ ತರ್ತೀರಾ ಅಂತ ಕೇಳಿ. ಶೋರೂಮಿನಿಂದ ಹೊರಟ ದಿನಕ್ಕಾ, 12.9 ಬರೆದ ದಿನಕ್ಕಾ, ನಾನು ಕೊಂಡ ದಿನಕ್ಕಾ? ಗಂಟೆಗಟ್ಟಲೆ ಮಾತಾಡ್ತೀನಿ, ಕಾಫಿನೂ ಕೊಡ್ತೀನಿ.

ನಾನು ಹಿಡಿದಿರೋದು ಎರಡನೆಯದನ್ನ. ನೀಲಿಯ ಮೇಲೆ ಬಳಿದಿರೋ ಕೆಂಪು ಪೇಂಟ್ ಹಾಗೇ ಇರುತ್ತೆ. ಬಾಗಿಲ ಮೇಲೆ 1500 ನಂಬರಿನ ಉಪ್ಪು ಕಾಗದವನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದಾಗ, ಕೆಂಪಿನಡಿಯಿಂದ ಕೈಯಲ್ಲಿ ಬರೆದ ಎರಡು ಹಳದಿ ಅಕ್ಷರ ಎದ್ದವು. ಮೂರನೆಯದಕ್ಕೆ ಕೈ ನಡುಗಿ ನಿಲ್ಲಿಸಿದೆ. ಕಾರು ಮಗುಚಿದರೆ ತಲೆ ಕಾಯೋ ಕಬ್ಬಿಣದ ರೋಲ್ ಬಾರ್ ಇರುತ್ತೆ, ಬಾನೆಟ್ಟಿನ ತೂತೂ ಇರುತ್ತೆ. ಬ್ರೇಕ್ ಪೈಪು, ರಬ್ಬರ್ ಹೋಸು, ಪೆಟ್ರೋಲ್ ಟ್ಯಾಂಕು ಮಾತ್ರ ಪೂರ್ತಿ ಹೊಸದು. ಇತಿಹಾಸ ಅಂತ ಹಳೇ ಬ್ರೇಕ್ ಇಟ್ಟುಕೊಂಡು ಸಾಯೋಕೆ ನನಗಿಷ್ಟವಿಲ್ಲ.

ಒಂದೇ ಒಂದು ಕಡೆ ಸೋತಿದ್ದೇನೆ. ಡ್ರೈವರ್ ಕಾಲಡಿಯಲ್ಲಿ ಯಾರೋ ರಸ್ತೆಯ ‘ಸ್ಟಾಪ್’ ಬೋರ್ಡಿನ ತುಂಡೊಂದನ್ನು ತೇಪೆ ಹಾಕಿ ರಿವೆಟ್ ಹೊಡೆದಿದ್ದರು. ಸುತ್ತಲಿನ ತಗಡು ತುಕ್ಕು ಹಿಡಿದು ಹಪ್ಪಳ ಆಗಿತ್ತು. ಅದನ್ನು ಕತ್ತರಿಸಲೇಬೇಕಾಯಿತು. ಫೋಟೋ ಕಳಿಸಿದಾಗ ಮಾವ ಕೇಳಿದ್ದು ಒಂದೇ: ರಿವೆಟ್ ಎಷ್ಟಿದ್ದವು? ಹನ್ನೊಂದು. ಹನ್ನೆರಡನೆಯದಕ್ಕೆ ತೂತು ಕೊರೆದಿದ್ದರು, ಹೊಡೆದಿರಲಿಲ್ಲ.